ಉರಿಯ ಕೂಲಿ

1970ರ ದಶಕದ ನಡುವಿನಲ್ಲಿ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಹಳ್ಳಿಗೆ ಬೆಂಗಳೂರಿನಿಂದ ಒಂದಷ್ಟು ವಿಜ್ಞಾನಿಗಳು ಬಂದು ಬೀಡುಬಿಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಬೆಂಗಳೂರಿಗರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, 1974ರಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಘಟಕದವರು ಅವರು. ಕಟ್ಟಿದವರು ಅಮೂಲ್ಯ ರೆಡ್ಡಿ. ವಿದ್ಯುತ್ ರಸಾಯನ ವಿಜ್ಞಾನದಲ್ಲಿ ಹೆಸರು ಮಾಡಿದ್ದ ರೆಡ್ಡಿಯವರಿಗೆ ಹಳ್ಳಿಗೆ ಬೇಕಾದ ವಿಜ್ಞಾನವನ್ನು ಹಳ್ಳಿಯಲ್ಲೇ ಕೂತು ಕಲಿಯಬೇಕೆಂಬ ಹಟ ಹತ್ತಿತ್ತು. ಯಾವ ಯಂತ್ರಕ್ಕೂ ಕೈಹಾಕುವ ಮೊದಲು ಈ ತಂಡ ಲೆಕ್ಕ ಹಿಡಿಯಿತು. ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆ ಮನೆಗೂ ಹೋಗಿ ಸೌದೆ ಎಷ್ಟು ಉರಿಯುತ್ತದೆ, ಸೀಮೆಎಣ್ಣೆ ಎಷ್ಟು, ಕರೆಂಟು ಎಷ್ಟು, ಎತ್ತು ಎಷ್ಟು ಹೊತ್ತು ದುಡಿಯುತ್ತದೆ, ಮನುಷ್ಯರು ಎಷ್ಟು ಹೊತ್ತು ದುಡಿಯುತ್ತಾರೆ ಎಂದು ಬರೆದುಕೊಂಡಿತು.

ಬಂದ ಉತ್ತರ ವಿಧಾನಸೌಧದ ಲೆಕ್ಕಗಳಿಗೆ ತಾಳೆಯಾಗುವಂಥದ್ದಾಗಿರಲಿಲ್ಲ. ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಬಳಕೆಯಾಗುವ ಒಟ್ಟು ಶಕ್ತಿಯಲ್ಲಿ ಹತ್ತಿರ ಹತ್ತಿರ ಐದರಲ್ಲಿ ನಾಲ್ಕು ಪಾಲು ಸೌದೆಯದು. ಊರಿಗೆ ಕಂಬ ಬಂದಿದ್ದರೂ ಕರೆಂಟಿನ ಪಾಲು ಶೇ 1ಕ್ಕೂ ಕಡಿಮೆ. ಮನುಷ್ಯರ ಮೈಶಕ್ತಿಯನ್ನು ಬಿಡಿಸಿ ನೋಡಿದಾಗ ಹೆಂಗಸರ ಪಾಲು ಶೇ 53, ಗಂಡಸರದು 31, ಮಕ್ಕಳದು 16. ಈ ಅಂಕಿಗಳನ್ನು ಹಿಡಿದು ಬೆಂಗಳೂರಿನವರೇ ಆದ ಶ್ರೀಲತಾ ಬಾಟ್ಲಿವಾಲಾ 1982ರಲ್ಲಿ ಒಂದು ಪ್ರಬಂಧ ಬರೆದರು. ಹಳ್ಳಿ ಹೆಂಗಸು ಉಣ್ಣುವುದಕ್ಕೂ ಆಕೆ ಸವೆಸುವುದಕ್ಕೂ ತಾಳೆ ಹಾಕಿದ ಬರಹ ಅದು. ಸೌದೆ, ನೀರು, ಅಡುಗೆಯ ದುಡಿಮೆಯನ್ನು ಇಳಿಸಿದರೆ ಅಪೌಷ್ಟಿಕತೆಯ ಒಂದು ಭಾಗ ತಾನಾಗಿ ಕಡಿಮೆಯಾಗುತ್ತದೆ ಎಂಬುದು ಅದರ ವಾದ. ಇಂಧನದ ಚರ್ಚೆಯೊಳಗೆ ಹೆಂಗಸಿನ ಹೊಟ್ಟೆಯ ಲೆಕ್ಕ ಬಂದದ್ದು ಹಾಗೆ.

ನವೀಕರಿಸಬಹುದಾದ ಇಂಧನದಲ್ಲಿ ಮಹಿಳೆಯರಿಗೆ ಉದ್ಯೋಗ ಎಂಬ ಮಾತು ಈಗ ಸಮ್ಮೇಳನಗಳಲ್ಲಿ ಹೊಸದೆಂಬಂತೆ ಕೇಳಿಬರುತ್ತದೆ. ಉಂಗ್ರದ ಲೆಕ್ಕ ನೋಡಿದವರಿಗೆ ಅದು ಹೊಸದಾಗಿ ತೋರಲಾರದು. ಸೌದೆ, ಪುಳ್ಳೆ, ಸಗಣಿ, ಹೊಂಗೆಬೀಜ ಎಲ್ಲವೂ ಮತ್ತೆ ಮತ್ತೆ ಹುಟ್ಟುವ ಇಂಧನಗಳೇ. ಅವನ್ನು ಆರಿಸಿದವರು, ಹೊತ್ತವರು, ಒಣಗಿಸಿ ಒಟ್ಟಿದವರು ಹೆಂಗಸರೇ. ಕೆಲಸ ಹಳೆಯದು, ಕೂಲಿ ಮಾತ್ರ ಹೊಸದು. ಆ ಕೂಲಿಯನ್ನು ಯಾರು, ಯಾವಾಗ, ಯಾವ ಕೆಲಸಕ್ಕೆ ಕೊಡತೊಡಗಿದರು ಎಂಬುದರಲ್ಲಿ ಈ ಕಸುಬಿನ ಚರಿತ್ರೆ ಅಡಗಿದೆ.

ಕೂಲಿ ಸಿಗುತ್ತಿದ್ದ ಕಡೆಯೂ ಇತ್ತು, ಇಲ್ಲವೆಂದಲ್ಲ. ಪೇಟೆಯ ಅಂಚಿನ ಹಳ್ಳಿಗಳಿಂದ ಹೆಂಗಸರು ಸಿಂಬೆಯ ಮೇಲೆ ಸೌದೆ ಹೊರೆ ಹೊತ್ತು ಸಂತೆಗೆ ಬರುತ್ತಿದ್ದರು. ಬೆರಣಿ ತಟ್ಟಿ, ಒಟ್ಟಿಲು ಕಟ್ಟಿ, ಮಳೆಗಾಲಕ್ಕೆ ಮುಂಚೆ ಲೆಕ್ಕದ ಮೇಲೆ ಮಾರುತ್ತಿದ್ದರು. ಸೀಮೆಎಣ್ಣೆ ಬರುವ ಮೊದಲು ಬಯಲುಸೀಮೆಯ ಮನೆಗಳಲ್ಲಿ ಉರಿಯುತ್ತಿದ್ದ ದೀಪಕ್ಕೆ ಹೊಂಗೆ ಎಣ್ಣೆಯೂ ಬೇಕಿತ್ತು. ಬೇಸಿಗೆಯಲ್ಲಿ ಹೊಂಗೆಕಾಯಿ ಆರಿಸಿ ಕುಟ್ಟಿ ಬೀಜ ಬಿಡಿಸುವುದು ಹೆಂಗಸರು ಮಕ್ಕಳ ಕೆಲಸ, ಗಾಣಕ್ಕೆ ಹಾಕಿ ಎಣ್ಣೆ ತೆಗೆಯುವುದು ಗಾಣಿಗರ ಕಸುಬು. ಬೀಜಕ್ಕೆ ಬಿಡಿಗಾಸು, ಎಣ್ಣೆಗೆ ಬೆಲೆ. ಮುಂದೆ ಬಂದ ಎಲ್ಲ ಇಂಧನಗಳಲ್ಲೂ ಇದೇ ಹಂಚಿಕೆ ಬೇರೆ ಬೇರೆ ವೇಷದಲ್ಲಿ ಮರಳಿತು: ಕಚ್ಚಾಮಾಲು ಹೆಂಗಸರದು, ಯಂತ್ರ ಗಂಡಸರದು.

ಒಲೆಯ ಕಥೆ ಮಾತ್ರ ಸ್ವಲ್ಪ ಬೇರೆ, ಏಕೆಂದರೆ ಒಲೆ ಕಟ್ಟುವ ವಿದ್ಯೆ ಮೊದಲಿನಿಂದಲೂ ಹೆಂಗಸರ ಕೈಯಲ್ಲೇ ಇತ್ತು. ಹುತ್ತದ ಮಣ್ಣು, ಕೆಮ್ಮಣ್ಣು, ಹೊಟ್ಟು, ಸಗಣಿ ಕಲಸಿ ನೆನೆಹಾಕಿ ಕೋಡೊಲೆ ಹಾಕುವುದನ್ನು ಅತ್ತೆಯಿಂದ ಸೊಸೆ ಕಲಿಯುತ್ತಿದ್ದಳು. ಅದನ್ನು ಯಾರೂ ಕಸುಬು ಎಂದು ಕರೆಯಲಿಲ್ಲ. ಹೊಗೆಯನ್ನೂ ಯಾರೂ ಕಾಯಿಲೆ ಎಂದು ಕರೆಯಲಿಲ್ಲ. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾ ಪ್ರಯೋಗಾಲಯದ ಎಸ್.ಪಿ. ರಾಜು ಅವರು ಲಕ್ಷಾಂತರ ಮನೆಗಳಿಗೆ ಹೊಗೆಯಿಲ್ಲದ ಅಡುಗೆಮನೆ ಬೇಕೆಂದು ಪುಸ್ತಿಕೆ ಬರೆದದ್ದು 1953ರಲ್ಲಿ. ಅವರ ಒಲೆಗೆ ಹೊಗೆಕೊಳವೆ ಇತ್ತು. ವಾರ್ಧಾದ ಮಗನವಾಡಿಯಲ್ಲಿ ಗಾಂಧಿವಾದಿಗಳು ರೂಪಿಸಿದ ಮಗನ್ ಒಲೆಯೂ ಅದೇ ಕಾಲಮಾನದ್ದು. ಇವೆರಡೂ ಹೋದ ಕಡೆಯೆಲ್ಲ ಮೆಚ್ಚುಗೆ ಗಳಿಸಿದವು, ಮನೆಗಳಲ್ಲಿ ಮಾತ್ರ ಹೆಚ್ಚು ನಿಲ್ಲಲಿಲ್ಲ. ಅಮೆರಿಕದ ಕರ್ಕ್ ಸ್ಮಿತ್ 1981ರಲ್ಲಿ ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರು ಎಷ್ಟು ಹೊಗೆ ಕುಡಿಯುತ್ತಾರೆ ಎಂದು ಉಪಕರಣದಿಂದ ಅಳೆಯುವವರೆಗೂ ಊದುಗೊಳವೆಯ ಹಿಂದಿನ ಕಣ್ಣೀರಿನ ಕಡೆಗೆ ಹೆಚ್ಚಿನವರ ಗಮನ ಹೋಗಿರಲಿಲ್ಲ.

ಒಲೆ ಕಟ್ಟುವವರಿಗೆ ಮೇಸ್ತ್ರಿಯ ಸ್ಥಾನ ಕೊಟ್ಟ ಮೊದಲ ಪ್ರಯತ್ನಗಳಲ್ಲಿ ಒಂದು ನಡೆದದ್ದು ಚಂಡೀಗಢದ ಹತ್ತಿರದ ನಾಡಾ ಎಂಬ ಹಳ್ಳಿಯಲ್ಲಿ, 1980ರ ಹೊತ್ತಿಗೆ. ವಾಸ್ತುಶಿಲ್ಪ ಓದಿದ್ದ ಮಧು ಸರೀನ್ ಅಲ್ಲಿನ ಹೆಂಗಸರ ಜೊತೆ ಕೂತು ಒಲೆಯನ್ನು ತಿದ್ದಿದರು. ಒಂದೇ ನಕ್ಷೆಯನ್ನು ಎಲ್ಲರಿಗೂ ಹೇರಲಿಲ್ಲ. ಆ ಮನೆಯ ಪಾತ್ರೆ ಎಷ್ಟು ದೊಡ್ಡದು, ರೊಟ್ಟಿ ಎಲ್ಲಿ ಸುಡುತ್ತಾಳೆ, ಕೂತು ಅಡುಗೆ ಮಾಡುತ್ತಾಳೋ ನಿಂತೋ ಎಂದು ಕೇಳಿಕೊಂಡು ಕಟ್ಟುವುದನ್ನು ಊರಿನ ಹೆಂಗಸರಿಗೆ ಕಲಿಸಿದರು. ಅವರಿಗೆ ‘ಚೂಲಾ ಮಿಸ್ತ್ರಿ’ ಎಂಬ ಹೆಸರು ಬಂತು. ದರ್ಜಿ ಅಳತೆ ತೆಗೆದುಕೊಂಡು ಹೊಲಿಯುವ ಹಾಗೆ ಅಳತೆ ತೆಗೆದುಕೊಂಡು ಕಟ್ಟುವ ಕೆಲಸ ಅದು.

ಅದೇ ವರ್ಷಗಳಲ್ಲಿ ‘ಅಸ್ತ್ರ’ದವರು ಕರ್ನಾಟಕಕ್ಕೆ ಮೂರು ಪಾತ್ರೆಯ ಒಲೆಯೊಂದನ್ನು ಕೊಟ್ಟರು. ಹಳೆ ಒಲೆಯಲ್ಲಿ ಉರಿಯ ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ತಾಗಿ ಉಳಿದದ್ದು ಗೋಡೆಗೂ ಗಾಳಿಗೂ ಹೋಗುತ್ತದೆ ಎಂಬ ಅಂದಾಜಿನಿಂದ ಅವರು ಹೊರಟಿದ್ದರು. ಅಸ್ತ್ರ ಒಲೆಯಲ್ಲಿ ಸೌದೆ ಇಡುವ ಗೂಡು ಮುಚ್ಚಿರುತ್ತದೆ, ಕೆಳಗೆ ಜಾಲರಿ ಇರುತ್ತದೆ, ಗಾಳಿ ಬೇಕಾದಷ್ಟೇ ಒಳಗೆ ಬರುತ್ತದೆ. ಬಿಸಿಗಾಳಿ ಒಂದಾದ ಮೇಲೊಂದು ಪಾತ್ರೆಯ ತಳ ಸವರಿಕೊಂಡು ಕೊಳವೆಯಿಂದ ಹೊರಗೆ ಹೋಗುತ್ತದೆ. ಕೇಳಲು ಸರಳ, ಕಟ್ಟಲು ಕಷ್ಟ. ಪಾತ್ರೆಗೂ ಮಣ್ಣಿನ ಗೋಡೆಗೂ ನಡುವಿನ ಸಂದು ಅರ್ಧ ಬೆರಳು ಹೆಚ್ಚಾದರೆ ಬಿಸಿ ಪೋಲು, ಕಡಿಮೆಯಾದರೆ ಉರಿ ಹತ್ತದು. ಕುಣಿಗಲ್ ಸೀಮೆಯಲ್ಲಿ ಮೇಲಾಗಿ ರಾಗಿಮುದ್ದೆ ಬೇರೆ. ಕೋಲು ಹಾಕಿ ತೊಳಸುವಾಗ ಪಾತ್ರೆ ಅಲುಗಬಾರದು, ಒಲೆ ಬಿರಿಯಬಾರದು. ಈ ಒಲೆಯನ್ನು ರೂಪಿಸಿ 1983ರಲ್ಲಿ ವರದಿ ಬರೆದ ಐವರ ತಂಡದಲ್ಲಿ ಸ್ವಾತಿ ಭೋಗ್ಲೆ ಎಂಬ ರಾಸಾಯನಿಕ ಎಂಜಿನಿಯರ್ ಇದ್ದರು. ಅವರ ಹೆಸರು ಈ ಕಥೆಯಲ್ಲಿ ಮತ್ತೆ ಬರಲಿದೆ.

ಸರ್ಕಾರಕ್ಕೆ ಒಲೆ ಹಿಡಿಸಿತು. ಅತಿಯಾಗಿ ಹಿಡಿಸಿತು ಎನ್ನಬೇಕು. 1980ರ ದಶಕದ ನಡುವಿನಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಜಿಲ್ಲೆಗೊಂದು ಗುರಿ, ತಾಲ್ಲೂಕಿಗೊಂದು ಗುರಿ, ಒಲೆಗೊಂದು ಸಬ್ಸಿಡಿ. ಕರ್ನಾಟಕದಲ್ಲೂ ಅಸ್ತ್ರ ಒಲೆಗಳು ಲಕ್ಷಗಟ್ಟಲೆ ಎದ್ದವು. ಕೇಂದ್ರ ಸರ್ಕಾರ 2002ರಲ್ಲಿ ಈ ಕಾರ್ಯಕ್ರಮದಿಂದ ಕೈತೊಳೆದುಕೊಳ್ಳುವಷ್ಟರಲ್ಲಿ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಕೊಟ್ಟ ಲೆಕ್ಕ ಕಡತದಲ್ಲಿತ್ತು. ಅಡುಗೆಮನೆಗಳಲ್ಲಿ ಅಷ್ಟು ಇರಲಿಲ್ಲ. ಬಹಳಷ್ಟು ಒಲೆಗಳು ವರ್ಷ ಎರಡು ವರ್ಷದಲ್ಲಿ ಬಿರಿದವು, ಕೊಳವೆಗಳಲ್ಲಿ ಮಸಿ ಕಟ್ಟಿತು, ಕೆಲವೆಡೆ ಮನೆಯಾಕೆಯೇ ಒಲೆ ಒಡೆದು ಹಳೆಯದನ್ನು ಹಾಕಿಕೊಂಡಳು.

ಸೋತದ್ದು ಎಲ್ಲಿ ಎಂದು ಹುಡುಕಿದವರಿಗೆ ಕೂಲಿಯ ದಾರಿ ಕಾಣುತ್ತದೆ. ತರಬೇತಿ ಪಡೆದು ಒಲೆ ಕಟ್ಟಿದವರಲ್ಲಿ ಹೆಂಗಸರೂ ಇದ್ದರು, ಆದರೆ ಕಟ್ಟಿದ ಒಲೆಗೆ ಇಂತಿಷ್ಟು ಎಂದು ಹಣ ಬರುತ್ತಿದ್ದುದು ಕಚೇರಿಯಿಂದ. ಎಣಿಕೆಗೆ ಹಣ, ಉರಿಗೆ ಹಣವಿಲ್ಲ. ಒಲೆ ಕೆಟ್ಟರೆ ಕಟ್ಟಿದವರನ್ನು ಮತ್ತೆ ಕರೆಯುವ ದಾರಿ ಮನೆಯಾಕೆಗೆ ಇರಲಿಲ್ಲ, ಬರಬೇಕೆನ್ನುವ ಒತ್ತಾಯ ಕಟ್ಟಿದವರಿಗೂ ಇರಲಿಲ್ಲ. ನಾಡಾ ಒಲೆ ಈ ಯೋಜನೆಗೆ ಸೇರಿದಾಗ ಅದಕ್ಕೂ ಇದೇ ಗತಿಯಾಯಿತು: ಅಳತೆ ಮೇಲಿನಿಂದ ಬಂತು, ಹೆಂಗಸರು ಮನೆಗೆ ತಕ್ಕಂತೆ ತಿದ್ದುವ ಸ್ವಾತಂತ್ರ್ಯ ಹೋಯಿತು. ಮೇಸ್ತ್ರಿಯನ್ನು ಮತ್ತೆ ಫಲಾನುಭವಿ ಮಾಡಿದ ಯೋಜನೆ ಎಂದು ಇದನ್ನು ಬಣ್ಣಿಸಿದರೆ ಅತಿಶಯವಾಗದು.

ಸ್ವಾತಿ ಭೋಗ್ಲೆ ಮತ್ತೆ ಬರುವುದು ಇಲ್ಲಿ. 1993ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಟೈಡ್’ ಸಂಸ್ಥೆಯನ್ನು ಅವರು ಮುನ್ನಡೆಸಿದರು. ಅದು ಹಿಡಿದ ಮೊದಲ ದಾರಿ ಅಡುಗೆಮನೆಯದಲ್ಲ, ಸೌದೆ ಸುಡುವ ಸಣ್ಣ ಉದ್ದಿಮೆಗಳದು. ಅಡಿಕೆ ಬೇಯಿಸುವ ಒಲೆ, ಬೆಲ್ಲದ ಆಲೆಮನೆ, ರೇಷ್ಮೆ ನೂಲು ಬಿಚ್ಚುವ ಘಟಕ, ಏಲಕ್ಕಿ ಒಣಗಿಸುವ ಗೂಡು. ಇಲ್ಲಿ ಸೌದೆಗೆ ದುಡ್ಡು ಕೊಡುವವರಿದ್ದರು, ಹಾಗಾಗಿ ಸೌದೆ ಉಳಿಸುವ ಒಲೆಗೂ ದುಡ್ಡು ಹುಟ್ಟಿತು. ಮನೆಯ ಒಲೆಗೆ ಬಂದಾಗ ಟೈಡ್ ಹಳ್ಳಿಯ ಹೆಂಗಸರಿಗೆ ‘ಸರಳ’ ಎಂಬ ಒಲೆ ಕಟ್ಟುವುದನ್ನು ಕಸುಬಾಗಿ ಕಲಿಸಿತು. ಸೌದೆಯನ್ನು ತಾನೇ ತಲೆಯ ಮೇಲೆ ಹೊತ್ತು ತರುವ ಮನೆಯಲ್ಲಿ ಅದರ ಬೆಲೆ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಅಂಥ ಮನೆಯ ಯಜಮಾನನಿಂದ ಒಲೆಗೆ ಹಣ ಕೇಳುವುದೇ ಈ ಕಸುಬಿನ ಕಠಿಣ ಪಾಠ. ಮಣ್ಣು ಕಲಸುವುದು ಅದರ ಮುಂದೆ ಸುಲಭ. ಸಂಸ್ಥೆಗೆ 2008ರಲ್ಲಿ ಬ್ರಿಟನ್ನಿನ ಆಷ್ಡೆನ್ ಪ್ರಶಸ್ತಿ ಬಂತು.

ಒಲೆಯ ಕಥೆಯ ಜೊತೆಜೊತೆಗೇ ಸಗಣಿಯ ಕಥೆಯೂ ನಡೆದಿತ್ತು. ಗೋಬರ್ ಗ್ಯಾಸ್ ಈ ದೇಶಕ್ಕೆ ಹೊಸದಲ್ಲ. ಜಶ್‌ಭಾಯಿ ಪಟೇಲರು ‘ಗ್ರಾಮಲಕ್ಷ್ಮಿ’ ಎಂಬ ಮಾದರಿ ಮಾಡಿದ್ದು 1951ರಲ್ಲಿ, ಖಾದಿ ಆಯೋಗ ಅದನ್ನು ಎತ್ತಿಕೊಂಡದ್ದು 1960ರ ದಶಕದ ಆರಂಭದಲ್ಲಿ. ಹೆಸರು ಹೆಣ್ಣಿನದು, ಗುಂಡಿ ತೋಡಿ ತೊಟ್ಟಿ ಕಟ್ಟುವ ಗಾರೆ ಕೆಲಸ ಗಂಡಿನದು. ಬೆಳಗಾಗೆದ್ದು ಸಗಣಿ ಬಾಚಿ, ನೀರು ಬೆರೆಸಿ, ಬಗ್ಗಡ ಕಲಕಿ ತೊಟ್ಟಿಗೆ ಬಿಡುವುದು ಮತ್ತೆ ಹೆಣ್ಣಿನದು.

ಪುರದಲ್ಲಿ ‘ಅಸ್ತ್ರ’ದವರು ಇಡೀ ಊರಿಗೆ ಸೇರಿ ಒಂದು ಗ್ಯಾಸ್ ಸ್ಥಾವರ ಕಟ್ಟಿದಾಗ ಅವರ ಮನಸ್ಸಿನಲ್ಲಿದ್ದದ್ದು ಅಡುಗೆ. ಅದು ಕೈಗೂಡಲಿಲ್ಲ, ಊರಿನ ದನಗಳ ಸಗಣಿ ಎಲ್ಲರ ಅಡುಗೆಗೆ ಸಾಲುವಷ್ಟು ಗ್ಯಾಸ್ ಕೊಡಲಿಲ್ಲ. ನಿಮಗೆ ಏನು ಬೇಕು ಎಂದು ಊರವರನ್ನೇ ಕೇಳಿದಾಗ ಬಂದ ಉತ್ತರ ಕುಡಿಯುವ ನೀರು. ರೆಡ್ಡಿಯವರು ಈ ಸೋಲನ್ನು ಮುಚ್ಚಿಡಲಿಲ್ಲ ಎಂಬುದು ಅವರ ದೊಡ್ಡತನ. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿತು, ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ಟ್ಯೂಬ್‌ಲೈಟು ಹತ್ತಿತು. ಎಂಜಿನ್ ನೋಡಿಕೊಳ್ಳಲು ಊರಿನ ಇಬ್ಬರು ಯುವಕರು ನೇಮಕವಾದರು. ಸಗಣಿ ಹೊತ್ತು ತಂದು ಹಾಕಿ, ಬದಲಿಗೆ ಗ್ಯಾಸ್ ಹೋದ ಬಗ್ಗಡವನ್ನು ಗೊಬ್ಬರಕ್ಕೆ ಒಯ್ಯುವವರಿಗೆ ಕಿಲೋ ಲೆಕ್ಕದಲ್ಲಿ ಪೈಸೆಗಳು ಸಿಕ್ಕವು. ತಂದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಸಣ್ಣ ಮೊತ್ತ, ನಿಜ. ಆದರೆ ತಲೆಮಾರುಗಳಿಂದ ಬಿಟ್ಟಿಯಾಗಿ ನಡೆದ ಒಂದು ಕೆಲಸಕ್ಕೆ ಪುಸ್ತಕದಲ್ಲಿ ಹೆಸರು ಬರೆದು ಹಣ ಕೊಟ್ಟರು. ಅದೇ ಸೀಮೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆಯಿಂದ ಅನಿಲ ತೆಗೆದು ಕರೆಂಟು ಮಾಡುವ ಯಂತ್ರ ಬಂದಾಗಲೂ ದೀಪ, ನೀರಿನ ಜೊತೆಗೆ ಹಿಟ್ಟಿನ ಗಿರಣಿ ಸೇರಿತು. ರಾಗಿಕಲ್ಲು ತಿರುಗಿಸುವ ದುಡಿಮೆ ಅಷ್ಟರಮಟ್ಟಿಗೆ ತಪ್ಪಿತು.

ದುಡಿಮೆ ತಪ್ಪಿಸುವುದೂ ದುಡಿಮೆಗೆ ಬೆಲೆ ಕಟ್ಟುವುದೂ ಒಂದೇ ಅಲ್ಲ. ರೆಡ್ಡಿ ಮತ್ತು ಬಾಟ್ಲಿವಾಲಾ 1990ರ ದಶಕದಲ್ಲಿ ಸೇರಿ ಬರೆದ ಪ್ರಬಂಧವೊಂದು ಇದನ್ನೇ ತಲೆಬರಹದಲ್ಲಿ ಎರಡು ಭಾಗ ಮಾಡಿ ಇಟ್ಟಿತು: ಹೆಂಗಸರಿಗಾಗಿ ಶಕ್ತಿ, ಶಕ್ತಿಗಾಗಿ ಹೆಂಗಸರು. ಅಷ್ಟರಲ್ಲಿ ಬಾಟ್ಲಿವಾಲಾ ಕರ್ನಾಟಕದ ಮಹಿಳಾ ಸಮಖ್ಯಾ ಕಾರ್ಯಕ್ರಮದ ಮೊದಲ ನಿರ್ದೇಶಕಿಯಾಗಿ ಹಳ್ಳಿಗಳಲ್ಲಿ ಸಂಘ ಕಟ್ಟಿದ ಅನುಭವವನ್ನೂ ಪಡೆದಿದ್ದರು. ಮೊದಲ ಭಾಗ ಸರ್ಕಾರಗಳಿಗೆ ಬೇಗ ಅರ್ಥವಾಯಿತು. ಎರಡನೆಯದಕ್ಕೆ ಇನ್ನೂ ಸಮಯ ಹಿಡಿಯುತ್ತಿದೆ.

ಗೊಬ್ಬರದ ಕಡೆಯಿಂದ ದಾರಿ ಹುಡುಕಿದವರು ಕೋಲಾರದ ಎಸ್‌ಕೆಜಿ ಸಂಘದವರು. 1993ರಲ್ಲಿ ಶುರುವಾದ ಈ ಸಂಸ್ಥೆ ಗ್ಯಾಸ್ ಸ್ಥಾವರದ ಪಕ್ಕದಲ್ಲೇ ಎರೆಹುಳು ಗೊಬ್ಬರದ ತೊಟ್ಟಿ ಕಟ್ಟಿಸಿತು. ಬಗ್ಗಡ ಅಲ್ಲಿ ಗೊಬ್ಬರವಾಗಿ, ಮಾರಿದ ಹಣ ಮನೆಯಾಕೆಯ ಕೈಗೆ ಬರಲೆಂಬ ಲೆಕ್ಕಾಚಾರ. 2007ರಲ್ಲಿ ಆಷ್ಡೆನ್ ಪ್ರಶಸ್ತಿ ಅವರಿಗೂ ಸಂದಿತು. ಅಲ್ಲೇ ಪಕ್ಕದ ಬಾಗೇಪಲ್ಲಿಯಲ್ಲಿ ಕೂಲಿ ಸಂಘ 5,500 ಗ್ಯಾಸ್ ಘಟಕಗಳ ಯೋಜನೆಯನ್ನು 2005ರಲ್ಲಿ ವಿಶ್ವಸಂಸ್ಥೆಯ ಇಂಗಾಲ ವ್ಯವಸ್ಥೆಯಡಿ ನೋಂದಾಯಿಸಿತು. ಕೂಲಿಕಾರರ ಅಡುಗೆಮನೆಯಲ್ಲಿ ಏಳದ ಹೊಗೆಗೆ ಯುರೋಪಿನವರು ಹಣ ಕೊಡುವ ಕಾಲ ಬಂದಿತ್ತು.

ಇಂಗಾಲದ ಲೆಕ್ಕದಲ್ಲಿ ಬಂದ ಹಣದ ಸೊಗಸಾದ ಉದಾಹರಣೆ ಹೊಂಗೆಯದು, ಮತ್ತು ಅದು ಕರ್ನಾಟಕದ ಹೊರಗೆ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ ಕಗ್ಗನಹಳ್ಳಿಯಲ್ಲಿ ನೀರೆತ್ತಿ ತೋರಿಸಿದ್ದರು. ಆಂಧ್ರಪ್ರದೇಶದ, ಈಗಿನ ತೆಲಂಗಾಣದ, ಆದಿಲಾಬಾದ್ ಸೀಮೆಯ ಪವರ್‌ಗುಡ ಎಂಬ ಬುಡಕಟ್ಟು ಹಾಡಿಯಲ್ಲಿ ಹೆಂಗಸರ ಸ್ವಸಹಾಯ ಗುಂಪು ಹೊಂಗೆ ಸಸಿ ನೆಟ್ಟಿತು, ಬೀಜ ಆರಿಸಿತು, ಎಣ್ಣೆಯ ಗಿರಣಿಯನ್ನೂ ತಾನೇ ನಡೆಸಿತು. 2003ರಲ್ಲಿ ವಿಶ್ವಬ್ಯಾಂಕು ವಾಷಿಂಗ್ಟನ್ನಿನಲ್ಲಿ ನಡೆದ ಸಮ್ಮೇಳನವೊಂದರಿಂದ ಎದ್ದ ಇಂಗಾಲವನ್ನು ಸರಿದೂಗಿಸಲು ಈ ಹೆಂಗಸರಿಂದ 147 ಟನ್ ಲೆಕ್ಕದ ಇಂಗಾಲ ಉಳಿತಾಯ ಕೊಂಡು 645 ಡಾಲರ್ ಕೊಟ್ಟಿತು. ವಿಮಾನದಲ್ಲಿ ಬಂದು ಮಾತಾಡಿದವರ ಪಾಪಕ್ಕೆ ಹೊಂಗೆಬೀಜ ಆರಿಸುವವರಿಂದ ಪ್ರಾಯಶ್ಚಿತ್ತ ಮಾಡಿಸಿಕೊಂಡ ಹಾಗಾಯಿತು ಎಂದು ನಗಬಹುದು. ನಕ್ಕ ಮೇಲೂ ಒಂದು ಸಂಗತಿ ಉಳಿಯುತ್ತದೆ: ಇಲ್ಲಿ ಗಿರಣಿ ಹೆಂಗಸರದೇ ಆಗಿತ್ತು. ಬೀಜಕ್ಕೆ ಬಿಡಿಗಾಸು, ಎಣ್ಣೆಗೆ ಬೆಲೆ ಎಂಬ ಹಳೆಯ ಹಂಚಿಕೆ ಮುರಿದದ್ದು ಅದರಿಂದಲೇ.

ಇದೆಲ್ಲ ಕೆಳಗಿನಿಂದ ಹತ್ತಿದವರ ಕಥೆ. ಮೇಲಿನ ಮೆಟ್ಟಿಲಿನಿಂದ ಬಂದವರೂ ಇದ್ದರು, ಬೆರಳೆಣಿಕೆಯಷ್ಟು. ಭಾರತದ ಮೊದಲ ಮಹಿಳಾ ವಿದ್ಯುತ್ ಎಂಜಿನಿಯರ್ ಎ. ಲಲಿತಾ 1919ರಲ್ಲಿ ಮದರಾಸಿನಲ್ಲಿ ಹುಟ್ಟಿದರು. 18ನೆಯ ವಯಸ್ಸಿಗೆ ವಿಧವೆಯಾದಾಗ ತೋಳಲ್ಲಿ ನಾಲ್ಕು ತಿಂಗಳ ಮಗಳು. ತಂದೆ ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನಲ್ಲೇ ಪ್ರಾಧ್ಯಾಪಕರಾಗಿದ್ದುದರಿಂದ ಬಾಗಿಲು ತೆರೆಯಿತು, 1943ರಲ್ಲಿ ಓದು ಮುಗಿಯಿತು. ಮುಂದೆ ಕಲ್ಕತ್ತೆಯ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್‌ ಕಂಪನಿಯಲ್ಲಿ ವಿದ್ಯುತ್ ಸಾಗಣೆ ಮಾರ್ಗ, ಉಪಕೇಂದ್ರಗಳ ವಿನ್ಯಾಸ ಅವರ ಪಾಲಿಗೆ ಬಂತು. ಭಾಕ್ರಾ ನಂಗಲ್ ಜಲವಿದ್ಯುತ್ತಿನ ಕೆಲಸವೂ ಅದರಲ್ಲಿ ಸೇರಿತ್ತು. ಕಲ್ಕತ್ತೆಯನ್ನು ಅವರು ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಅಲ್ಲಿ ಅಣ್ಣನ ಮನೆ ಇತ್ತು, ಕೆಲಸಕ್ಕೆ ಹೋದಾಗ ಮಗಳನ್ನು ನೋಡಿಕೊಳ್ಳಲು ಅತ್ತಿಗೆ ಇದ್ದರು. 1964ರಲ್ಲಿ ನ್ಯೂಯಾರ್ಕಿನಲ್ಲಿ ಮಹಿಳಾ ಎಂಜಿನಿಯರ್‌ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಅವರು ಹೋಗಿಬಂದರು. ಅಣೆಕಟ್ಟಿನ ವಿದ್ಯುತ್ತಿನ ಇತಿಹಾಸ ಬರೆಯುವವರು ಟರ್ಬೈನುಗಳ ಬಗ್ಗೆ ಬರೆದಷ್ಟು ಈ ಅತ್ತಿಗೆಯ ಬಗ್ಗೆ ಬರೆಯುವುದಿಲ್ಲ, ಆದರೆ ಆ ನಕ್ಷೆಗಳಲ್ಲಿ ಆಕೆಯದೂ ಒಂದು ಪಾಲು ಇದೆ.

ಬಿಸಿಲಿನ ಕರೆಂಟು ಬಂದಾಗ ಹಂಚಿಕೆ ಹೊಸದಾಗಿ ಆಗಬಹುದಿತ್ತು. ಸೌರಫಲಕಕ್ಕೆ ಗಾಣವಿಲ್ಲ, ಬಾಯ್ಲರಿಲ್ಲ, ಭಾರ ಎತ್ತುವ ಕೆಲಸ ಕಡಿಮೆ, ತಂತಿ ಜೋಡಿಸುವ ನವಿರು ಕೈ ಬೇಕು. ರಾಜಸ್ಥಾನದ ತಿಲೋನಿಯಾದಲ್ಲಿ ಬಂಕರ್ ರಾಯ್ 1972ರಲ್ಲಿ ಶುರುಮಾಡಿದ ಸಂಸ್ಥೆ, ಮುಂದೆ ಬೇರ್‌ಫೂಟ್ ಕಾಲೇಜ್ ಎಂದು ಹೆಸರಾದದ್ದು, ಇದನ್ನು ಬೇಗ ಕಂಡುಕೊಂಡಿತು. ಓದು ಬರಹ ಬಾರದ ಹೆಂಗಸರನ್ನು, ಅದರಲ್ಲೂ ನಡುವಯಸ್ಸು ದಾಟಿದ ಅಜ್ಜಿಯರನ್ನು ಕರೆದು ಆರು ತಿಂಗಳಲ್ಲಿ ಸೌರ ಎಂಜಿನಿಯರ್ ಮಾಡತೊಡಗಿತು. ಪಠ್ಯವೆಂದರೆ ಬಣ್ಣ, ಸನ್ನೆ ಮತ್ತು ಕೈ. ಗಂಡಸರಿಗೆ ಕಲಿಸಿದರೆ ಸರ್ಟಿಫಿಕೇಟು ಹಿಡಿದು ಪಟ್ಟಣಕ್ಕೆ ಓಡುತ್ತಾರೆ, ಅಜ್ಜಿ ಊರಲ್ಲೇ ಇರುತ್ತಾಳೆ ಎಂಬುದು ರಾಯ್ ಅವರು ಮತ್ತೆ ಮತ್ತೆ ಕೊಟ್ಟ ಸಮರ್ಥನೆ. ಕೇಳಲು ಚೆಂದ. ಊರು ಬಿಡಲಾಗದವಳು ಎಂಬ ಕಾರಣಕ್ಕೇ ಕೆಲಸ ಸಿಗುವುದು ಎಷ್ಟು ದೊಡ್ಡ ಬಿಡುಗಡೆ ಎಂಬ ಪ್ರಶ್ನೆಯನ್ನು ಮಾತ್ರ ಆ ಸಮರ್ಥನೆ ಕೇಳಿಕೊಳ್ಳುವುದಿಲ್ಲ. 2008ರಿಂದ ವಿದೇಶಾಂಗ ಸಚಿವಾಲಯದ ನೆರವಿನಲ್ಲಿ ಆಫ್ರಿಕ, ಏಷ್ಯ, ಲ್ಯಾಟಿನ್ ಅಮೆರಿಕದ ಹಳ್ಳಿಗಳಿಂದ ಹೆಂಗಸರು ತಿಲೋನಿಯಾಕ್ಕೆ ಬಂದರು. ಜೋರ್ಡಾನಿನ ಬೆದುಯಿನ್ ತಾಯಿಯೊಬ್ಬಳ ಮೇಲೆ 2012ರಲ್ಲಿ ಸಾಕ್ಷ್ಯಚಿತ್ರವೂ ಬಂತು; ಗಂಡ ತಲಾಖ್ ಕೊಡುವ, ಮಕ್ಕಳನ್ನು ಕಿತ್ತುಕೊಳ್ಳುವ ಬೆದರಿಕೆ ಹಾಕಿದಾಗ ತರಬೇತಿಯ ನಡುವೆ ಊರಿಗೆ ಮರಳಿ, ಮತ್ತೆ ಬಂದು ಮುಗಿಸಿದವಳು ಆಕೆ. ಅದೇ ರಾಜಸ್ಥಾನದ ಡುಂಗರಪುರದಲ್ಲಿ ಬುಡಕಟ್ಟು ಹೆಂಗಸರು ಐಐಟಿ ಬಾಂಬೆಯ ಯೋಜನೆಯಡಿ ಸೌರ ದೀಪ ಜೋಡಿಸುವುದರಿಂದ ಆರಂಭಿಸಿ ‘ದುರ್ಗಾ’ ಎಂಬ ಫಲಕ ತಯಾರಿಕಾ ಕಂಪನಿಯ ಒಡತಿಯರಾದರು.

ಕರ್ನಾಟಕದ ಸೌರ ಚರಿತ್ರೆ ಎರಡು ಕವಲಾಯಿತು. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಹುಟ್ಟುಹಾಕಿದ ಸೆಲ್ಕೋ ಮನೆಮನೆಯ ದೀಪದ ದಾರಿ ಹಿಡಿಯಿತು. ಬ್ಯಾಂಕ್ ಸಾಲದ ಮೇಲೆ ದೀಪ ಕೊಟ್ಟಿತು, ಮುಂದೆ ಹೊಲಿಗೆ ಯಂತ್ರ, ರೊಟ್ಟಿ ತಟ್ಟುವ ಯಂತ್ರಗಳಿಗೂ ಫಲಕ ಜೋಡಿಸಿತು. ಉತ್ತರ ಕರ್ನಾಟಕದಲ್ಲಿ ಖಾನಾವಳಿಗೆ, ಅಂಗಡಿಗೆ ಜೋಳದ ರೊಟ್ಟಿ ಮಾಡಿಕೊಡುವ ಹೆಂಗಸಿಗೆ ಕರೆಂಟು ಹೋದರೂ ಯಂತ್ರ ನಿಲ್ಲದಿರುವುದು ನೇರವಾಗಿ ಗಳಿಕೆಯ ಮಾತು. ಇಲ್ಲಿ ಆಕೆ ಇಂಧನದ ನೌಕರಳಲ್ಲ, ಇಂಧನ ಆಕೆಯ ಉದ್ಯಮದ ನೌಕರ.

ಇನ್ನೊಂದು ಕವಲು ತುಮಕೂರು ಜಿಲ್ಲೆಗೇ ಮರಳುತ್ತದೆ, ಕುಣಿಗಲ್ಲಿಗಲ್ಲ, ಆಂಧ್ರದ ಗಡಿಗೆ ಚಾಚಿಕೊಂಡ ಪಾವಗಡಕ್ಕೆ. ಮಳೆ ಕೈಕೊಟ್ಟ, ಕೊಳವೆಬಾವಿ ಬತ್ತಿದ ಆ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಾಲಸಮುದ್ರ ಮುಂತಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2018ರ ಮಾರ್ಚಿನಲ್ಲಿ ಸೌರ ಉದ್ಯಾನ ಉದ್ಘಾಟನೆಯಾಯಿತು. ಮರುವರ್ಷದ ಕೊನೆಗೆ ಅದರ ಸಾಮರ್ಥ್ಯ 2,050 ಮೆಗಾವ್ಯಾಟ್ ಮುಟ್ಟಿತು. ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಬೀಳು ಬಿದ್ದ ಹೊಲಕ್ಕೆ ಇದು ಒಳ್ಳೆಯ ಬೆಲೆ, ರೈತನಿಗೆ ಹೊಲ ಉಳಿಯುವ ದಾರಿ. ಆದರೆ ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ. ಪಹಣಿಯಲ್ಲಿ ಹೆಂಗಸರ ಹೆಸರು ಎಷ್ಟು ಅಪರೂಪ ಎಂಬುದು ಹಳ್ಳಿ ಬಲ್ಲವರಿಗೆ ಗೊತ್ತು. ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಮಾಡುತ್ತಿದ್ದ ಹೆಂಗಸರಿಗೆ ಗುತ್ತಿಗೆಯೂ ಇಲ್ಲ, ಹೊಲದ ಕೂಲಿಯೂ ಇಲ್ಲ. ಅವರಲ್ಲಿ ಕೆಲವರಿಗೆ ಸಿಕ್ಕ ಕೆಲಸ ಫಲಕಗಳ ನಡುವೆ ಹುಲ್ಲು ಕತ್ತರಿಸುವುದು, ಧೂಳು ತೊಳೆಯುವುದು. ಉರಿಬಿಸಿಲಿನಲ್ಲಿ ಗಾಜಿನ ಸಾಲುಗಳ ನಡುವೆ ಕುಡುಗೋಲು ಹಿಡಿದು ನಡೆಯುವುದು ಸೌರ ಉದ್ಯೋಗವೇ, ಅನುಮಾನವಿಲ್ಲ. ಬಡ್ತಿ ಇರುವ ಉದ್ಯೋಗ ಮಾತ್ರ ಅದಲ್ಲ.

ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ 2019ರಲ್ಲಿ ಜಗತ್ತಿನ ಲೆಕ್ಕ ತೆಗೆದಾಗ ಈ ರಂಗದ ಕೆಲಸಗಾರರಲ್ಲಿ ಹೆಂಗಸರು ಶೇ 32 ಇದ್ದರು. ಪೆಟ್ರೋಲು, ಅನಿಲದ ರಂಗದಲ್ಲಿ ಶೇ 22. ಆ 32ರ ಒಳಗೂ ತಾರತಮ್ಯ ಇತ್ತು: ಕಚೇರಿ ಆಡಳಿತದಲ್ಲಿ ಶೇ 45, ವಿಜ್ಞಾನ ಮತ್ತು ಎಂಜಿನಿಯರಿಂಗ್ ಹುದ್ದೆಗಳಲ್ಲಿ ಶೇ 28. ಅದೇ ವರ್ಷ ಭಾರತದ ಚಾವಣಿ ಸೌರ ಕಂಪನಿಗಳನ್ನು ನೋಡಿದ ಅಧ್ಯಯನವೊಂದಕ್ಕೆ ಸಿಕ್ಕ ಅಂಕಿ ಶೇ 11. ವಿನ್ಯಾಸದ ಮೇಜಿನಲ್ಲಿ ಒಂದಿಷ್ಟು ಮಂದಿ, ಚಾವಣಿ ಹತ್ತಿ ಫಲಕ ಕೂರಿಸುವ, ಸ್ಥಾವರ ನೋಡಿಕೊಳ್ಳುವ ಕಡೆ ಹುಡುಕಿದರೂ ಸಿಗದಷ್ಟು ಕಡಿಮೆ. ಊರಿಂದ ದೂರದ ಸ್ಥಾವರ, ರಾತ್ರಿ ಪಾಳಿ, ಶೌಚಾಲಯವಿಲ್ಲದ ಜಾಗ, ಮನೆಗೆ ಕರೆತರುವ ವಾಹನವಿಲ್ಲದಿರುವುದು ಕಾರಣಗಳ ಸಾಲಿನಲ್ಲಿ ಮುಂದಿರುತ್ತವೆ. ಕಲ್ಕತ್ತೆಯ ಅತ್ತಿಗೆಯಂಥವರು ಎಲ್ಲರ ಮನೆಯಲ್ಲೂ ಇರುವುದಿಲ್ಲ.

ತರಬೇತಿಯ ಬಾಗಿಲಲ್ಲೇ ಇನ್ನೊಂದು ಅಡ್ಡಿ ಇತ್ತು. ಸೌರ ಸ್ಥಾವರಗಳಿಗೆ ತಂತ್ರಜ್ಞರನ್ನು ತಯಾರಿಸಲು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2015ರಲ್ಲಿ ‘ಸೂರ್ಯಮಿತ್ರ’ ಎಂಬ ಕಾರ್ಯಕ್ರಮ ತಂದು, 2020ರ ಹೊತ್ತಿಗೆ 50,000 ಮಂದಿಗೆ ಕಲಿಸುವ ಗುರಿ ಇಟ್ಟುಕೊಂಡಿತು. ಸೇರಬೇಕಾದರೆ ಹತ್ತನೆಯ ತರಗತಿ ಪಾಸಾಗಿರಬೇಕಿತ್ತು, ಎಲೆಕ್ಟ್ರೀಷಿಯನ್, ವೈರ್‌ಮನ್‌ನಂಥ ಐಟಿಐ ಕೋರ್ಸು ಮುಗಿಸಿರಬೇಕಿತ್ತು. ಎಲೆಕ್ಟ್ರೀಷಿಯನ್ ತರಗತಿಯಲ್ಲಿ ಹುಡುಗಿಯರು ಎಷ್ಟಿರುತ್ತಾರೆಂದು ಯಾವ ಐಟಿಐಗೆ ಹೋಗಿ ನೋಡಿದರೂ ತಿಳಿಯುತ್ತದೆ. ಪಾವಗಡದಲ್ಲಿ ಹುಲ್ಲು ಕೊಯ್ಯುವಾಕೆಗೆ ಈ ತರಬೇತಿಯ ಬಾಗಿಲು ತೆರೆಯಲಿಲ್ಲ. ಅಕ್ಷರವೇ ಬಾರದ ಆಫ್ರಿಕದ ಅಜ್ಜಿಗೆ ತಿಲೋನಿಯಾದಲ್ಲಿ ಚಾರ್ಜ್ ಕಂಟ್ರೋಲರ್ ಬೆಸುಗೆ ಹಾಕುವುದನ್ನು ಕಲಿಸಲು ಹಣ ಕೊಟ್ಟದ್ದೂ ಅದೇ ಕೇಂದ್ರ ಸರ್ಕಾರ, ಇನ್ನೊಂದು ಸಚಿವಾಲಯದ ಖಾತೆಯಿಂದ.